ಉಪ್ಪುಬಂಡೆಯ ಓಗೊಡದಮ್ಮ

ಸಮಸ್ತ ಚರಾಚರಗಳನ್ನೂ ಒಂದೇ ಮಡಿಲಲ್ಲಿ ಕೂರಿಸಿಕೊಂಡು, ಇದು ಹೆಚ್ಚು ಅದು ಕಡಿಮೆಯೆಂಬ ಭೇದವೆಣಿಸದೆ ಪೊರೆಯುವ ಜಗನ್ಮಾತೆಯ ಪಾದಾರವಿಂದಗಳಿಗೆ ತಲೆಬಾಗಿ, ಸಂಸ್ಕೃತ ಬಲ್ಲವರು ಲವಣಶಿಲಾಕ್ಷೇತ್ರವೆಂದೂ ಕುರಿಗಾಹಿಗಳು ಉಪ್ಪುಬಂಡೆಯೆಂದೂ ಕರೆಯುವ ಈ ಪುಣ್ಯಸ್ಥಳದ ಮಹಿಮೆಯನ್ನು, ಬಿಸಿಲಿನಲ್ಲಿ ಗುಡ್ಡವೇರಿ ಬಂದ ಭಕ್ತರು ದಣಿವಾರಿಸಿಕೊಳ್ಳುವಷ್ಟು ಹೊತ್ತಿನಲ್ಲಿ ಓದಿ ಮುಗಿಸುವಂತೆ ಇಲ್ಲಿ ನಿರೂಪಿಸಲಾಗಿದೆ. ಸುಖವಾದ ಕಥೆಯನ್ನು ನಿರೀಕ್ಷಿಸಿ ಬಂದವರು ಮೊದಲು ಒಂದು ಗುಟುಕು ನೀರು ಕುಡಿಯಲಿ. ನಾಲ್ಕು ದಶಕಗಳಿಂದ ಈ ಕಥೆಯನ್ನು ಹೇಳುತ್ತಾ ಬಂದಿರುವ ನನಗೇ ಇದು ಇನ್ನೂ ಅಭ್ಯಾಸವಾಗಿಲ್ಲ.

ಪ್ರತಿಯೊಂದು ಪುಣ್ಯಕ್ಷೇತ್ರಕ್ಕೂ ಒಬ್ಬ ಮಹರ್ಷಿ ಇರುತ್ತಾನೆ. ಆತನ ಜಟೆ, ಕಮಂಡಲು, ಸಹಸ್ರ ಸಂವತ್ಸರಗಳ ಘೋರ ತಪಸ್ಸು ಇವುಗಳ ವರ್ಣನೆಯಿಂದಲೇ ಸ್ಥಳಪುರಾಣಗಳು ಆರಂಭವಾಗುತ್ತವೆ. ನಮ್ಮ ಕ್ಷೇತ್ರಕ್ಕೆ ಅಂಥ ಮಹರ್ಷಿ ಯಾರೂ ಇಲ್ಲ. ಒಬ್ಬರನ್ನು ಸೇರಿಸಿಬಿಡಿ, ಪುಸ್ತಿಕೆಗೆ ತೂಕ ಬರುತ್ತದೆ ಎಂದು ಹಿತೈಷಿಗಳು ಹೇಳಿದ್ದುಂಟು. ಆದರೆ ಇಲ್ಲಿಗೆ ಮೊದಲು ಬಂದವಳು ಒಂಬತ್ತು ವರ್ಷದ ಒಬ್ಬ ಹುಡುಗಿ, ಅವಳ ಹಿಂದೆ ಒಂದು ಕುರಿಮರಿ. ಅವರಿಬ್ಬರ ಮುಂದೆ ಯಾವ ಋಷಿಯನ್ನು ತಂದು ನಿಲ್ಲಿಸಲೂ ನನಗೆ ಮನಸ್ಸಾಗಲಿಲ್ಲ.

ಕಾಲಗಣನೆಗೆ ನಿಲುಕದಷ್ಟು ಹಿಂದೆ, ಈ ಕೆಂಬರಿ ಗುಡ್ಡದ ತಪ್ಪಲು ಆಳೆತ್ತರದ ಹುಲ್ಲಿನಿಂದ ತುಂಬಿ, ಸಾವಿರಾರು ಕುರಿಗಳ ಕೊರಳ ಗಂಟೆಗಳ ನಾದದಿಂದ ಮೊಳಗುತ್ತಿದ್ದ ಯುಗದಲ್ಲಿ, ಜಕ್ಕಪ್ಪನೆಂಬ ಕುರಿಗಾಹಿಯು ತನ್ನ ಪತ್ನಿಯಾದ ಮಲ್ಕವ್ವನೊಡನೆ ಇಲ್ಲಿ ಹಟ್ಟಿ ಕಟ್ಟಿಕೊಂಡು ವಾಸವಾಗಿದ್ದನು. ಕುರಿ ಅವಳಿ ಮರಿ ಹಾಕಿದಾಗ ಒಮ್ಮೊಮ್ಮೆ ಒಂದನ್ನು ನೆಕ್ಕಿ ಮೊಲೆಯೂಡಿಸಿ, ಇನ್ನೊಂದನ್ನು ಹತ್ತಿರಕ್ಕೇ ಬಿಟ್ಟುಕೊಳ್ಳದೆ ತಲೆಯಿಂದ ಗುದ್ದಿ ಓಡಿಸುವುದುಂಟು. ಅಂಥ ಮರಿಗೆ ತಾಯಿಯನ್ನು ಒಪ್ಪಿಸುವ ವಿದ್ಯೆಯಲ್ಲಿ ಜಕ್ಕಪ್ಪನನ್ನು ಮೀರಿಸಿದವರಿರಲಿಲ್ಲ. ಆ ವಿದ್ಯೆ ಇಷ್ಟೇ: ಬಿಟ್ಟ ಮರಿಯ ತಲೆಗೂ ಬೆನ್ನಿಗೂ ನೀರು ಚಿಮುಕಿಸಿ ಉಪ್ಪು ಸವರಿ ತಾಯಿಯ ಮುಂದೆ ನಿಲ್ಲಿಸುವುದು. ಉಪ್ಪಿನ ಆಸೆಗೆ ಕುರಿ ನೆಕ್ಕತೊಡಗುತ್ತದೆ. ನೆಕ್ಕುತ್ತಾ ನೆಕ್ಕುತ್ತಾ ಅದರ ವಾಸನೆ ಹಿಡಿಯುತ್ತದೆ. ಮೂರನೆಯ ದಿನಕ್ಕೆ ತನ್ನದೆಂದು ಒಪ್ಪಿಕೊಂಡು ಮೊಲೆ ಕೊಡುತ್ತದೆ. ಏಳು ಹಟ್ಟಿಗಳ ಜನ ತಮ್ಮ ಬಿಟ್ಟ ಮರಿಗಳನ್ನು ಹೆಗಲ ಮೇಲೆ ಹೊತ್ತು ಇವನ ಬಾಗಿಲಿಗೆ ಬರುತ್ತಿದ್ದರು. ಆ ಕೈ ಅಷ್ಟು ಕರುಣೆಯ ಕೈಯೆಂದು ಎಲ್ಲರೂ ಕೊಂಡಾಡುತ್ತಿದ್ದರು.

ಈ ದಂಪತಿಗಳ ಮೊದಲ ಸಂತಾನ ಹೆಣ್ಣು. ಹೆಸರು ದೇಮವ್ವ. ಅವಳ ಬೆನ್ನಿಗೆ ಹುಟ್ಟಿದ ಎರಡು ಗಂಡುಶಿಶುಗಳು ತೊಟ್ಟಿಲು ಕಟ್ಟುವ ಮೊದಲೇ ತೀರಿಹೋದವು. ಮಲ್ಕವ್ವನ ಎದೆಹಾಲು ಎರಡು ಸಲ ನೆಲದ ಪಾಲಾಯಿತು. ಆ ತಾಯಿಯ ಸಂಕಟವನ್ನು ಹಗುರ ಮಾಡಿ ಹೇಳುವ ಅಧಿಕಾರ ನನಗಿಲ್ಲ. ಮೂರನೆಯ ಗಂಡುಮಗು ಹುಟ್ಟಿದಾಗ ಗಂಡಹೆಂಡಿರಿಬ್ಬರೂ ಅದನ್ನು ಯಮಧರ್ಮನ ಕಣ್ಣಿನಿಂದ ಮರೆಮಾಡುವುದು ಹೇಗೆಂದು ಹಗಲಿಡೀ ಯೋಚಿಸಿ, ನಮ್ಮ ಕಡೆಯ ಜನರಿಗೆ ಮಾತ್ರ ಹೊಳೆಯಬಹುದಾದ ಒಂದು ಉಪಾಯ ಹೂಡಿದರು. ಕೂಸಿಗೆ ಹೆಣ್ಣುಮಕ್ಕಳ ಕುಪ್ಪಸ ತೊಡಿಸಿ, ಕೈಗೆ ಬಳೆ ಹಾಕಿ, ಹೆಣ್ಣಿನ ಹೆಸರಿಟ್ಟರೆ ಜವರಾಯ ಮೋಸಹೋಗುತ್ತಾನೆ. ಇದನ್ನು ಅನೇಕರು ಮಾಡುತ್ತಿದ್ದರು, ಅದರಲ್ಲಿ ದೋಷವಿಲ್ಲ. ಆದರೆ ಜಕ್ಕಪ್ಪ ಒಂದು ಹೆಜ್ಜೆ ಮುಂದೆ ಹೋದನು. ಹೊಸ ಹೆಸರು ಏಕೆ? ಆರು ವರ್ಷ ಸಾವಿನ ಕೈಗೆ ಸಿಗದೆ ಬದುಕಿದ ಗಟ್ಟಿ ಹೆಸರೊಂದು ಮನೆಯಲ್ಲೇ ಇರುವಾಗ ಬೇರೆಯದನ್ನು ಹುಡುಕುವುದೇಕೆ?

ಹೀಗೆ ಮಗಳ ಹೆಸರನ್ನು ಮಗನಿಗೆ ಇಟ್ಟರು. ಭಕ್ತರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿ, ಏಕೆಂದರೆ ನಾನು ಬರೆಯುವಾಗ ಎರಡು ಸಲ ನಿಂತೆ.

ತೊಟ್ಟಿಲಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಜಕ್ಕಪ್ಪನಿಗೆ ಅಕ್ಕತಂಗಿಯರಿರಲಿಲ್ಲವಾದ್ದರಿಂದ ಆ ಕೆಲಸಕ್ಕೆ ಆರು ವರ್ಷದ ಮಗಳನ್ನೇ ಕೂರಿಸಿದರು. ಅವಳು ಬಗ್ಗಿ, ತನ್ನ ಹೆಸರನ್ನು ತನ್ನ ಬಾಯಿಂದಲೇ ತಮ್ಮನ ಕಿವಿಗೆ ಹೇಳಿದಳು. ಸುತ್ತ ನಿಂತ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಎಲ್ಲರೂ ಬೆಲ್ಲ ತಿಂದು ಹೋದ ಮೇಲೆ ಹುಡುಗಿ ತಾಯಿಯ ಸೆರಗು ಹಿಡಿದು ಕೇಳಿದಳಂತೆ:

"ಯವ್ವಾ, ಹಂಗಾರ ನನಗ ಏನಂತ ಕರೀತಿ?"

ಮಲ್ಕವ್ವ ತೊಟ್ಟಿಲು ತೂಗುತ್ತಾ, ತಲೆಯೆತ್ತದೆ ಹೇಳಿದಳು:

"ನಿನ್ನ ಕರಿಯೂದೇನೈತಿ? ಯಾವಾಗ್ಲೂ ಇಲ್ಲೇ ಇರ್ತಿಯಲ್ಲ."

ಒಂದೇ ಹೆಸರಿನ ಇಬ್ಬರು ಮನೆಯಲ್ಲಿದ್ದರೆ ಜವರಾಯನಿಗೆ ಅನುಮಾನ ಬರುತ್ತದೆಂದು ಅಂದಿನಿಂದ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. "ಏ" ಎಂದರು, "ಇಕಿ" ಎಂದರು, "ದೊಡ್ಡಾಕಿ" ಎಂದರು. ಮೊದಮೊದಲು ತಾಯಿಯು "ದೇಮವ್ವಾ" ಎಂದು ಅಕ್ಕರೆಯಿಂದ ಕೂಗಿದಾಗಲೆಲ್ಲ ಹುಡುಗಿ ಹಟ್ಟಿಯ ಯಾವ ಮೂಲೆಯಲ್ಲಿದ್ದರೂ ಸಗಣಿಯ ಕೈಯಲ್ಲೇ "ಓ" ಎಂದು ಓಡಿಬರುತ್ತಿದ್ದಳು. "ನಿನ್ನ ಯಾರು ಕರದ್ರು? ತಮ್ಮನ್ನ ಕರದೆ, ಹೋಗು" ಎಂಬ ಉತ್ತರ ಕೇಳಿ ಹಿಂದಿರುಗುತ್ತಿದ್ದಳು. ಕೂಸು ಬೆಳೆದು ತನ್ನ ಹೆಸರಿಗೆ ತಾನೇ ಓಗೊಡಲು ಕಲಿತ ಮೇಲೆ ಅವಳು ಓಡಿಬರುವುದನ್ನು ನಿಲ್ಲಿಸಿದಳು.

ಅವಳನ್ನು ಹೊಡೆದರೇ? ಇಲ್ಲ. ಉಪವಾಸ ಕೆಡವಿದರೇ? ಅದೂ ಇಲ್ಲ. ರೊಟ್ಟಿ ಕೊಟ್ಟರು, ಹೊದೆಯಲು ಕಂಬಳಿ ಕೊಟ್ಟರು. ನೀರು ತರುವುದು, ದೊಡ್ಡಿ ಗುಡಿಸುವುದು, ಮರಿಗಳಿಗೆ ಸೊಪ್ಪು ಕಟ್ಟುವುದು ಅವಳ ಪಾಲಿಗೆ ಬಂದಿತ್ತು, ಅವಳು ಮಾಡುತ್ತಿದ್ದಳು. ಮಲ್ಕವ್ವ ಮಗನನ್ನು ಮಾತ್ರ ಮೂರು ವರ್ಷ ಕಂಕುಳಿಂದ ಕೆಳಗಿಳಿಸಲಿಲ್ಲ. ನೆಲ ತಾಕಿದರೆ ಎಲ್ಲಿ ಕೈತಪ್ಪಿ ಹೋಗುತ್ತಾನೋ ಎಂಬ ಭಯ ಅವಳಿಗೆ. ಆ ಭಯದಲ್ಲಿ ಇನ್ನೊಂದು ಮಗು ಕಾಣದೇ ಹೋಯಿತು.

ಇಂತಿರುವಲ್ಲಿ, ಜ್ಯೇಷ್ಠಮಾಸದ ಒಂದು ಮಂಗಳವಾರ, ಹಟ್ಟಿಯ ಒಂದು ಕುರಿ ಅವಳಿ ಮರಿಗಳನ್ನು ಹಾಕಿ ಕರಿ ಮರಿಯನ್ನು ಒಪ್ಪಿಕೊಂಡು ಬಿಳಿಯದನ್ನು ಗುದ್ದಿ ದೂರ ಸರಿಸಿತು. ಜಕ್ಕಪ್ಪ ಎಂದಿನಂತೆ ಉಪ್ಪಿನ ಗಡಿಗೆ ತಂದು ಬಿಳಿ ಮರಿಗೆ ಸವರಿ ತಾಯಿಯ ಮುಂದೆ ಹಿಡಿದನು. ತಾಯಿಕುರಿ ಮೂಸಿತು, ನಾಲಿಗೆ ಚಾಚಿತು, ನೆಕ್ಕಿತು. ಒಂಬತ್ತು ವರ್ಷದ ಹುಡುಗಿ ದೊಡ್ಡಿಯ ಬೇಲಿಗೆ ಒರಗಿ ಇದನ್ನು ನೋಡುತ್ತಿದ್ದಳು. ನೂರು ಸಲ ನೋಡಿದ್ದೇ. ಆ ದಿನ ಏನು ಹೊಳೆಯಿತೋ, ತಂದೆ ಅತ್ತ ಹೋದದ್ದೇ ತಡ, ಗಡಿಗೆಗೆ ಕೈ ಹಾಕಿ ಎರಡು ಹಿಡಿ ಉಪ್ಪು ತೆಗೆದು, ತಲೆಗೆ ನೀರು ಸುರಿದುಕೊಂಡು, ನೆತ್ತಿಗೆ, ಕತ್ತಿಗೆ, ಎರಡೂ ಭುಜಗಳಿಗೆ ತಿಕ್ಕಿಕೊಂಡಳು.

ನಡುಮಧ್ಯಾಹ್ನ. ಮಲ್ಕವ್ವ ಹಟ್ಟಿಯ ನೆರಳಿನಲ್ಲಿ ಮಗನಿಗೆ ಮೊಲೆಯೂಡಿಸುತ್ತಾ ಕುಳಿತಿದ್ದಳು. ಹುಡುಗಿ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತು, ಮರಿ ನಿಲ್ಲುವಂತೆಯೇ ತಲೆ ಬಗ್ಗಿಸಿ, ಉಪ್ಪು ಮೆತ್ತಿದ ನೆತ್ತಿಯನ್ನು ತಾಯಿಯ ಮುಖದ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿ ಕಾದಳು.

ಮಹಾಜನಗಳೇ, ಈ ದೃಶ್ಯವನ್ನು ಕಂಡು ಕಲ್ಲು ಕರಗಬೇಕಿತ್ತು. ಮಲ್ಕವ್ವ ಬೆಚ್ಚಿ ಹಿಂದೆ ಸರಿದಳು.

"ಅಯ್ಯ, ಇದೇನ ಮಾಡ್ಕೊಂಡಿ! ಗಡಿಗ್ಯಾಗಿನ ಉಪ್ಪೆಲ್ಲಾ ಹಾಳ ಮಾಡಿದೆಲ್ಲ! ಸರಿ ಅತ್ತಾಗ, ಕೂಸಿನ ಕಣ್ಣಾಗ ಬಿದ್ದೀತು!"

ಕೂಗು ಕೇಳಿ ಜಕ್ಕಪ್ಪ ಬಂದನು. ಮಗಳ ಮೈಮೇಲಿನ ಉಪ್ಪನ್ನು ಕಂಡನು. ಏಳು ಹಟ್ಟಿಗಳಲ್ಲಿ ಆ ಉಪ್ಪಿನ ಅರ್ಥ ಬಲ್ಲ ಮೊದಲನೆಯ ಮನುಷ್ಯ ಅವನು. ಎಂಥ ಹಟಮಾರಿ ಕುರಿಗೂ ಅದನ್ನು ಅರ್ಥಮಾಡಿಸಬಲ್ಲವನು. ಅವನಿಗೆ ಅರ್ಥವಾಗಲಿಲ್ಲ. ಅವನು ಆಡಿದ ಮಾತನ್ನು ನಮ್ಮ ವಂಶದಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದಕ್ಷರ ಬದಲಿಸದೆ ಕಾಪಾಡಿಕೊಂಡು ಬಂದಿದ್ದೇವೆ, ಹೆಮ್ಮೆಯಿಂದಲ್ಲ:

"ಬಾನ್ಯಾಗ ನಿಂತು ಮೈ ತೊಳ್ಕೊ. ನೀರ ಚೆಲ್ಲಬ್ಯಾಡ, ಕುರಿಗೆ ಕುಡಸೂಣು. ಉಪ್ಪು ದಂಡ ಆಗಬಾರ್ದು."

ಹುಡುಗಿ ಅಳಲಿಲ್ಲ. ಎದ್ದಳು. ಕುರಿಗಳು ನೀರು ಕುಡಿಯುವ ಆ ಕಲ್ಲಿನ ಬಾನಿಯ ಪಕ್ಕದಿಂದಲೇ ಹಾದು, ಅದರತ್ತ ನೋಡದೆ, ಬೇಲಿ ದಾಟಿ ಗುಡ್ಡದ ಕಡೆ ನಡೆದಳು. ಇನ್ನೂ ತಾಯಿಗೆ ಒಗ್ಗದ ಬಿಳಿ ಮರಿಯೊಂದೇ ಅವಳ ಹಿಂದೆ ಹೋಯಿತು. ಹಸಿದಿದ್ದ ಅದು ಹೆಜ್ಜೆಗೊಮ್ಮೆ ಅವಳ ಅಂಗೈ ನೆಕ್ಕುತ್ತಿತ್ತು.

ಈಗ ಈ ಕಥೆಯ ಅತ್ಯಂತ ಆಘಾತಕರವಾದ ಭಾಗ. ಮೂರು ಹಗಲು ಕಳೆದವು. ಮೂರು ಹಗಲು! ತಾಯಿಯು ಅವಳು ತಂದೆಯೊಡನೆ ಕುರಿ ಕಾಯಲು ಹೋಗಿದ್ದಾಳೆಂದುಕೊಂಡು, ನೀರು ತಂದಿಲ್ಲವೆಂದು ಗೊಣಗುತ್ತಾ ತಾನೇ ತಂದಳು. ತಂದೆಯು ಅವಳು ತಾಯಿಯ ಬಳಿ ಇದ್ದಾಳೆಂದುಕೊಂಡನು. ರಾತ್ರಿ ದೊಡ್ಡಿಯಲ್ಲಿ ಮರಿಗಳ ಜೊತೆ ಮಲಗಿರಬೇಕೆಂದು ಇಬ್ಬರೂ ಎಣಿಸಿದರು. ಒಬ್ಬರನ್ನೊಬ್ಬರು ಒಂದು ಮಾತು ಕೇಳಲಿಲ್ಲ. ನಾಲ್ಕನೆಯ ದಿನ, ತಾಯಿಕುರಿ ಮರಿಯನ್ನು ಒಪ್ಪಿತೋ ಇಲ್ಲವೋ ಎಂದು ನೋಡಲು ಹೋದ ಜಕ್ಕಪ್ಪ ಹೌಹಾರಿ ಹಟ್ಟಿಯೆಲ್ಲ ತಡಕಾಡಿದ್ದೇನೋ ನಿಜ. ಅವನು ಹುಡುಕುತ್ತಿದ್ದುದು ಬಿಳಿ ಮರಿಯನ್ನು.

ಹೆಜ್ಜೆಗುರುತು ಹಿಡಿದು ಗುಡ್ಡವೇರಿದವನಿಗೆ, ಅಲ್ಲಿಯವರೆಗೆ ಎಲ್ಲ ಬಂಡೆಗಳಂತೆ ಬರೀ ಕೆಂಪು ಬಂಡೆಯಾಗಿದ್ದ ಒಂದು ಕಲ್ಲು ನೆತ್ತಿಯಿಂದ ಭುಜದವರೆಗೆ ಬೆಳ್ಳಗೆ ಉಪ್ಪುಗಟ್ಟಿ ನಿಂತದ್ದು ಕಾಣಿಸಿತು. ತಲೆ ಬಗ್ಗಿಸಿ ಕುಳಿತ ಮಗುವಿನ ಆಕಾರ. ಮೂರು ದಿನ ತಾಯಿಯ ಹಾಲಿಲ್ಲದ ಮರಿ ಆ ಕಲ್ಲನ್ನು ನೆಕ್ಕುತ್ತಾ, ಹೊಟ್ಟೆ ತುಂಬಿದಂತೆ ಗುಂಡಗೆ, ನಲಿಯುತ್ತಾ ನಿಂತಿತ್ತು. ಜಕ್ಕಪ್ಪ ಗುಡ್ಡದ ತುದಿಯಿಂದ ಹಟ್ಟಿಯ ಕಡೆ ತಿರುಗಿ ಸಂತೋಷದಿಂದ ಕೂಗಿದನು:

"ಏ ಇವಳ, ಮರಿ ಸಿಕ್ತು!"

ಆ ಕೂಗಿನ ಮಾರ್ದನಿ ಅಡಗುವ ಮೊದಲೇ ಗಾಳಿ ನಿಂತಿತು, ಹಕ್ಕಿಗಳ ಸದ್ದಡಗಿತು, ಬಂಡೆಯೊಳಗಿನಿಂದ ಜಗದಂಬೆಯ ಗಂಭೀರವಾಣಿ ಹೊರಹೊಮ್ಮಿತು:

"ಎಲವೋ ಕುರಿಗಾಹಿ, ಮೂಕಪ್ರಾಣಿಗೆ ಮರಿಯನ್ನು ಒಪ್ಪಿಸಬಲ್ಲ ನೀನು ನಿನ್ನ ಮನೆಯಲ್ಲಿ ಬಿಟ್ಟ ಮರಿಯನ್ನು ಕಾಣದೇ ಹೋದೆ. ತಾನೇ ಉಪ್ಪು ಸವರಿಕೊಂಡು ಬಂದವಳನ್ನು ತೊಳೆದು ಬಾ ಎಂದೆ. ತೊಳೆಯದೆ ನನ್ನ ಬಳಿಗೆ ಬಂದಳು. ನಾನು ಅವಳ ನೆತ್ತಿಯನ್ನು ಮೂಸಿ ನನ್ನವಳೆಂದು ಒಪ್ಪಿ ಒಡಲಲ್ಲಿಟ್ಟುಕೊಂಡಿದ್ದೇನೆ. ಆದರೂ ಹೆತ್ತವಳ ಹಕ್ಕನ್ನು ನಾನು ಕಸಿಯಲಾರೆ. ಅವಳು ಬಂದು ಮಗಳ ಹೆಸರು ಹಿಡಿದು ಒಮ್ಮೆ, ಒಂದೇ ಒಮ್ಮೆ, ಕರೆಯಲಿ. ಆ ಕರೆಗೆ ಮೊದಲು ಓಗೊಟ್ಟ ಮಗು ನಿಮ್ಮದು."

ಜಕ್ಕಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದನು. ಅಷ್ಟರಲ್ಲಿ ಅವನ ಕೂಗು ಕೇಳಿದ್ದ ಮಲ್ಕವ್ವ ತಾನೇ ಗುಡ್ಡವೇರಿ ಬರುತ್ತಿದ್ದಳು. ಗಂಡನ ಬಾಯಿಂದ ವಿಷಯ ಕೇಳಿದೊಡನೆ ಅವಳು ಬಂಡೆಯ ಕಡೆಗೆ ಓಡಿದಳು. ಮೂರು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಮಗಳು ಇಡಿಯಾಗಿ ನೆನಪಾದಳು: ಸಗಣಿಯ ಕೈಯಲ್ಲಿ "ಓ" ಎಂದು ಓಡಿಬರುತ್ತಿದ್ದುದು, ಉಪ್ಪಿನ ನೆತ್ತಿ ಬಗ್ಗಿಸಿ ಕಣ್ಣು ಮುಚ್ಚಿ ಕುಳಿತದ್ದು. ಆಗ ಅರ್ಥವಾಗದ್ದು ಈಗ ಅರ್ಥವಾಯಿತು. "ಯವ್ವಾ, ನಾ ಏನ ಮಾಡಿದೆನ" ಎಂದು ಎದೆ ಬಡಿದುಕೊಳ್ಳುತ್ತಾ ಬಂಡೆಯ ಮುಂದೆ ಬಂದು ನಿಂತಳು. ಮಗಳ ಹೆಸರನ್ನು ಅವಳದೆಂದೇ ಕೂಗಿದರೆ ಜವರಾಯ ಕೇಳಿಸಿಕೊಂಡಾನು, ಮಗನ ಮರೆ ಬಯಲಾದೀತು ಎಂಬ ಹಳೆಯ ಭಯ ಒಂದು ಗಳಿಗೆ ಅವಳನ್ನು ತಡೆಯಿತು. ಅದನ್ನೂ ನೂಕಿದಳು. ಇಷ್ಟು ಮಟ್ಟಿಗೆ ಆ ತಾಯಿಗೆ ನ್ಯಾಯ ಸಲ್ಲಬೇಕು. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು:

"ದೇಮವ್ವಾ!"

ಬಂಡೆ ಅಲುಗಿತು. ನೆತ್ತಿಯಿಂದ ಕೆಳಕ್ಕೆ ಒಂದು ಬೆರಳು ತೂರುವಷ್ಟು ಅಗಲಕ್ಕೆ ಬಿರಿಯಿತು. ಉಪ್ಪಿನ ಹಳಕುಗಳು ಉದುರಿದವು. ಒಳಗೆ ಯಾರೋ ಉಸಿರು ಎಳೆದುಕೊಂಡ ಸದ್ದನ್ನು ಜಕ್ಕಪ್ಪ ತನ್ನ ಕಿವಿಯಾರೆ ಕೇಳಿದನು.

"ಓ!"

ಎಂದಿತು ಮಲ್ಕವ್ವನ ಕಂಕುಳಲ್ಲಿದ್ದ ಕೂಸು.

ಎಲ್ಲಿ ಹೋದರೂ ಇಳಿಸದ ಮಗನನ್ನು ಅವಳು ಅಂದೂ ಇಳಿಸಿರಲಿಲ್ಲ. ಹಟ್ಟಿಯಲ್ಲಿ ಬಿಟ್ಟು ಬರಬಹುದಿತ್ತು. ಕಡೆಗೆ ಗಂಡನ ಕೈಗೆ ಕೊಟ್ಟು, ಕಿವಿ ಮುಚ್ಚಿ ದೂರ ಕಳಿಸಬಹುದಿತ್ತು. ನೆನಪಾಗಲಿಲ್ಲ. ಮೂರು ವರ್ಷ ಆ ಹೆಸರಿನಲ್ಲೇ ಮುದ್ದು ಮಾಡಿಸಿಕೊಂಡ ಹಸುಳೆ, ಅವ್ವ ಇಷ್ಟು ಜೋರಾಗಿ ಕರೆದಳಲ್ಲ ಎಂಬ ಹಿಗ್ಗಿನಲ್ಲಿ ಓಗೊಟ್ಟಿತು. ಬಂಡೆಯ ಬಿರುಕು ಅಲ್ಲಿಗೇ ನಿಂತಿತು. ಒಳಗಿನ ಉಸಿರು ಮತ್ತೆ ಕೇಳಲಿಲ್ಲ. ಮಲ್ಕವ್ವ ಬಂಡೆಗೆ ಹಣೆಯಿಟ್ಟು ಅಳತೊಡಗಿದಳು. ಕೂಸು ಅವಳ ಗಲ್ಲ ಹಿಡಿದು ಕೇಳಿತು:

"ಯವ್ವಾ, ಓ ಅಂದ್ನೆಲ್ಲ, ಯಾಕ ಅಳ್ತಿ?"

ಮಲ್ಕವ್ವ ಮತ್ತೆ ಗುಡ್ಡದಿಂದ ಇಳಿಯಲೇ ಇಲ್ಲ. ಬಂಡೆಯ ಬಗ್ಗಿದ ನೆತ್ತಿಗೆ ನಾಲಿಗೆಯಿಟ್ಟು, ಕುರಿ ತನ್ನ ಮರಿಯನ್ನು ನೆಕ್ಕುವಂತೆ ನೆಕ್ಕುತ್ತಾ ಉಳಿದ ಆಯುಷ್ಯ ಕಳೆದಳು. ಇಂದಿಗೂ ಆ ಜಾಗ ಅಂಗೈಯಷ್ಟು ಅಗಲ ನುಣುಪಾಗಿದೆ. ಬಿಳಿ ಮರಿಯನ್ನು ಅದರ ತಾಯಿಕುರಿ ಅದೇ ಸಂಜೆ ಉಪ್ಪಿಲ್ಲದೆಯೇ ಒಪ್ಪಿಕೊಂಡಿತು. ಜಕ್ಕಪ್ಪ ಅದನ್ನು ನೋಡಿ, ಉಪ್ಪಿನ ಗಡಿಗೆಯನ್ನು ಬಂಡೆಯ ಬುಡದಲ್ಲಿ ಬೋರಲು ಹಾಕಿ, ಆ ವಿದ್ಯೆಯನ್ನೇ ಬಿಟ್ಟನು.

ಮಗ ಬದುಕಿದನು, ದೀರ್ಘಾಯುಷ್ಯವಂತನಾದನು. ಹನ್ನೆರಡನೆಯ ವಯಸ್ಸಿನಲ್ಲಿ ತನ್ನ ಹೆಸರಿನ ಸಂಗತಿ ತಿಳಿದಾಗ ಬಳೆ ಒಡೆದು ಕುಪ್ಪಸ ಹರಿದುಹಾಕಿದನು. ಹೆಸರನ್ನು ಮಾತ್ರ ಬದಲಿಸಲು ಒಪ್ಪಲಿಲ್ಲ. "ಇದು ನಂದಲ್ಲ. ಅಕ್ಕ ನನ್ನ ಕಿವ್ಯಾಗ ಇಟ್ಟು ಹೋಗ್ಯಾಳ. ಬಂದಾಗ ಕೊಡಬೇಕು" ಎಂದನು. ಅವನೇ ಈ ಕ್ಷೇತ್ರದ ಪ್ರಥಮ ಅರ್ಚಕ. ಅಂದಿನಿಂದ ಅವನ ವಂಶದಲ್ಲಿ ಅರ್ಚಕನಾಗುವ ಗಂಡಿಗೆ ಅದೇ ಹೆಸರು. ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಯಾರೂ ತಮ್ಮ ಮಕ್ಕಳಿಗೆ ಆ ಹೆಸರಿಡುವುದಿಲ್ಲ.

ಇನ್ನು ದರ್ಶನದ ಕ್ರಮ. ಈ ಕ್ಷೇತ್ರಕ್ಕೆ ತೇರಿಲ್ಲ, ಉತ್ಸವಮೂರ್ತಿಯಿಲ್ಲ. ಅನ್ಯ ದೇವಾಲಯಗಳಲ್ಲಿರುವಂತೆ ಎಡಬಲದ ಹೂ ನೋಡಿ ಅಪ್ಪಣೆ ಕೇಳುವ ಪದ್ಧತಿಯೂ ಇಲ್ಲ. ಅಮ್ಮ ಉತ್ತರ ಕೊಡುವುದಿಲ್ಲ, ಆದ್ದರಿಂದಲೇ ಅವಳಿಗೆ ಓಗೊಡದಮ್ಮನೆಂದು ಹೆಸರು. ಜ್ಯೇಷ್ಠಮಾಸದ ಮೊದಲ ಮಂಗಳವಾರ ನಡುಮಧ್ಯಾಹ್ನಕ್ಕೆ ಬರುವ ತಂದೆತಾಯಂದಿರು ಒಂದು ಹಿಡಿ ಉಪ್ಪು ತರಬೇಕು. ಬಂಡೆಯ ಮುಂದೆ ನಿಂತು ತಮ್ಮ ಪ್ರತಿಯೊಂದು ಮಗುವಿನ ಪೂರ್ಣ ಹೆಸರನ್ನು ಗಟ್ಟಿಯಾಗಿ ಕೂಗಬೇಕು, ಮಗು "ಓ" ಎಂದ ಮೇಲೆ ಅದರ ನೆತ್ತಿಯ ಮೇಲೆ ಒಂದು ಚಿಟಿಕೆ ಉಪ್ಪಿಟ್ಟು ಮೂಸಬೇಕು. ಯಾವ ಮಗುವನ್ನು ಮೊದಲು ಕೂಗಬೇಕೆಂದು ಅನೇಕರು ಕೇಳುತ್ತಾರೆ. ಮನೆಯಲ್ಲಿ ಕಡೆಯದಾಗಿ ನೆನಪಾಗುವುದು ಯಾವುದೋ, ಅದನ್ನು ಮೊದಲು. ದೊಡ್ಡ ದೊಡ್ಡ ಮನುಷ್ಯರು ಇಲ್ಲಿ ಹೆಸರು ತಡವರಿಸಿ ತಲೆತಗ್ಗಿಸಿದ್ದನ್ನು ನಾನು ಕಂಡಿದ್ದೇನೆ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದವರು ಕೆಳಗಿನ ಬೇವಿನ ಮರದ ಕಟ್ಟೆಯ ಮೇಲೆ ಇಳಿಸಿ ಮೇಲಕ್ಕೆ ಬರತಕ್ಕದ್ದು, ಆ ಕೂಸುಗಳ ಹೆಸರನ್ನು ಇಳಿದು ಹೋದ ಮೇಲೆ ಅಲ್ಲಿಯೇ ಕೂಗತಕ್ಕದ್ದು. ಆ ಕಟ್ಟೆಗೆ ಇಳಿಸುವ ಕಟ್ಟೆಯೆಂದೇ ಹೆಸರು. ಕೂಸುಗಳನ್ನು ನೋಡಿಕೊಳ್ಳಲು ನಮ್ಮ ಮನೆಯ ಹೆಂಗಸರು ಅಲ್ಲಿರುತ್ತಾರೆ, ಭಯ ಬೇಡ.

ಎಲ್ಲ ಮುಗಿದ ಮೇಲೆ ನೆರೆದವರೆಲ್ಲ ಒಟ್ಟಾಗಿ ಒಮ್ಮೆ, ಒಂದೇ ಒಮ್ಮೆ, ಆ ಹೆಸರನ್ನು ಕೂಗಬೇಕು. ಆ ಸಮಯದಲ್ಲಿ ಬಿರುಕಿನ ಪಕ್ಕದಲ್ಲಿ ನಿಂತ ಅರ್ಚಕನ ಬಾಯಿಯ ತುಂಬ ಉಪ್ಪು ತುಂಬಿರುತ್ತದೆ. ಇದೇನು ವಿಚಿತ್ರವೆಂದು ಹೊಸಬರು ಬೆರಗಾಗುತ್ತಾರೆ. ಆ ಅರ್ಚಕ ನಾನು. ನನ್ನ ಹೆಸರು ದೇಮವ್ವ. ಶಾಲೆಯಲ್ಲಿ ಹಾಜರಿ ಕರೆದಾಗ ಹುಡುಗರು ನಕ್ಕರು, ಮದುವೆಯ ಲಗ್ನಪತ್ರಿಕೆ ನೋಡಿ ಬೀಗರು ಹೌಹಾರಿದರು, ನಾನು ಹೆಸರು ಬದಲಿಸಲಿಲ್ಲ. ನಲವತ್ತೊಂದು ವರ್ಷಗಳಿಂದ ಅಷ್ಟು ಜನ ನನ್ನ ಹೆಸರನ್ನು ಒಕ್ಕೊರಲಿನಿಂದ ಕೂಗುವುದನ್ನು ಆ ಬಿರುಕಿಗೆ ಕಿವಿಗೊಟ್ಟು ಕೇಳಿದ್ದೇನೆ. ಹುಟ್ಟಿದಂದಿನಿಂದ ರೂಢಿಯಾದ ಹೆಸರು, ಕರೆದೊಡನೆ ನಾಲಿಗೆ ತಾನಾಗಿ ಏಳುತ್ತದೆ. ಉಪ್ಪು ಅದನ್ನು ಹಿಡಿದಿಡುತ್ತದೆ. ಕಣ್ಣಿನಲ್ಲಿ ನೀರು ಬರುತ್ತದೆ, ಗಂಟಲು ಉರಿಯುತ್ತದೆ, ಆದರೂ ಉಗುಳದೆ ನೂರು ಎಣಿಸುವವರೆಗೆ ನಿಂತಿರುತ್ತೇನೆ. ಈ ಸಲ ಅಕ್ಕನೇ ಮೊದಲು ಓ ಅನ್ನಲಿ ಎಂದು.